ಕಲ್ಲು ಮತ್ತು ಕೊಡಗೆ: ರಾಷ್ಟ್ರೀಯ ಯುದ್ಧ ಸ್ಮಾರಕದ ನೆಪದಲ್ಲಿ

(ವಿಜಯ ದಿವಸದ ನಿಮಿತ್ತ ಸಯನ್‌ನಲ್ಲಿ ನಡೆದ ಸಂಘದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರೆಹರೂಪ)



ನಾವು ಇಂದು ಸೇರಿರುವ ಊರಿನ ಹೆಸರಿನಿಂದಲೇ ಆರಂಭಿಸುತ್ತೇನೆ. ಸಯನ್ ಎಂಬುದು ಇಂಗ್ಲಿಷರ ಬಾಯಲ್ಲಿ ರೂಪುಗೊಂಡ ಹೆಸರು. ಮರಾಠಿಯಲ್ಲಿ ಇದು ಶೀವ್, ಎಂದರೆ ಎಲ್ಲೆ. ನಮ್ಮ ಸೀಮೆ ಎಂಬ ಮಾತಿನ ನೆಂಟ. ಮುಂಬಯಿ ದ್ವೀಪವು ಮುಗಿದು ಸಾಷ್ಟಿಯ ಕಡೆಯ ನೀರು ಮೊದಲಾಗುತ್ತಿದ್ದ ಜಾಗವಿದು. ಹದಿನೇಳನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಇಲ್ಲಿಯ ಗುಡ್ಡದ ಮೇಲೆ ಕಟ್ಟಿದ ಕೋಟೆ ಪಾಳು ಬಿದ್ದಿದ್ದರೂ ಇಂದಿಗೂ ನಿಂತಿದೆ. ಈಚೆ ಇಂಗ್ಲಿಷರು, ಆಚೆ ಪೋರ್ತುಗೀಜರು. ಕಟ್ಟಿಸಿದ ಗವರ್ನರ್ ಜೆರಾಲ್ಡ್ ಆಂಗಿಯರನ ಹೆಸರು ಇತಿಹಾಸದ ಪುಸ್ತಕಗಳಲ್ಲಿದೆ. ಅದರ ಮೇಲೆ ರಾತ್ರಿಯೆಲ್ಲ ಎಚ್ಚರವಾಗಿದ್ದ ಕಾವಲಿನವರ ಹೆಸರು ಅಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ ದಿಲ್ಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ. ನಾನು ಸೈನಿಕನಲ್ಲ, ಮೂವತ್ತು ವರ್ಷಗಳಿಂದ ಕೇಂದ್ರ ಸರ್ಕಾರದ ಲೆಕ್ಕಪತ್ರಗಳ ನಡುವೆ ಕುಳಿತವನು. ಅದಕ್ಕೂ ಮೊದಲು ಎಂ.ಎ. ತರಗತಿಯಲ್ಲಿ ಎರಡು ವರ್ಷ ಹಳಗನ್ನಡ ಶಾಸನಗಳನ್ನು ಓದಿದವನು. ಈ ಎರಡು ಕಸುಬುಗಳಿಗೂ ಸಂಬಂಧವಿಲ್ಲವೆಂದು ಬಹುಕಾಲ ಎಣಿಸಿದ್ದೆ. ಸ್ಮಾರಕಗಳ ವಿಷಯವನ್ನು ಯೋಚಿಸತೊಡಗಿದ ಮೇಲೆ ಎರಡೂ ಒಂದೇ ಕಡತದಲ್ಲಿ ಬಂದು ಸೇರಿದವು. ಸೇವಾ ನಿಯಮಗಳಿಗೆ ಒಳಪಟ್ಟವನಾದುದರಿಂದ ಮಾತನ್ನು ತೂಗಿ ಆಡಬೇಕಾಗಿದೆ. ಆದರೂ ಆಡಬೇಕಾದುದನ್ನು ಬಿಡುವುದಿಲ್ಲ.

ದಿಲ್ಲಿಯ ಇಂಡಿಯಾ ಗೇಟ್ ೧೯೩೧ರಲ್ಲಿ ಉದ್ಘಾಟನೆಗೊಂಡಿತು. ಮೊದಲ ಮಹಾಯುದ್ಧದಲ್ಲಿ ಮಡಿದ ಸುಮಾರು ೭೦,೦೦೦ ಭಾರತೀಯ ಯೋಧರ ನೆನಪಿಗೆಂದು ಎತ್ತಿದ ಈ ಕಮಾನಿನ ಮೇಲೆ ಕೆತ್ತಿರುವ ಹೆಸರುಗಳು ಹದಿಮೂರು ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಉಳಿದವರು ಎಲ್ಲಿ ಹೋದರು? ಕೆಲವರು ಫ್ರಾನ್ಸಿನ ಸ್ಮಾರಕದಲ್ಲಿದ್ದಾರೆ, ಕೆಲವರು ಆಫ್ರಿಕದಲ್ಲಿ. ಮೆಸೊಪೊಟೇಮಿಯದಲ್ಲಿ, ಎಂದರೆ ಇಂದಿನ ಇರಾಕಿನಲ್ಲಿ, ಮಡಿದವರಿಗಾಗಿ ಬಸ್ರಾದಲ್ಲಿ ಒಂದು ಸ್ಮಾರಕವಾಯಿತು. ಅಲ್ಲಿ ಬ್ರಿಟಿಷ್ ಯೋಧರಿಗೆ ಹೆಸರು. ಭಾರತೀಯ ಅಧಿಕಾರಿಗಳಿಗೆ ಹೆಸರು. ಭಾರತೀಯ ಸಿಪಾಯಿಗಳಿಗೆ ಸಂಖ್ಯೆ. ಇಂಥ ಪಡೆಯವರು ಇಷ್ಟು ಮಂದಿ, ಅಷ್ಟೆ. ಮೂವತ್ತು ಸಾವಿರಕ್ಕೂ ಮಿಕ್ಕಿದ ಜನರನ್ನು ಹೀಗೆ ಮೊತ್ತದಲ್ಲಿ ಜಮಾ ಮಾಡಿದರು. ಲೆಕ್ಕಪತ್ರದವನಾದ ನನಗೆ ಮೊತ್ತದ ಬೆಲೆ ಗೊತ್ತು. ಬಿಡಿ ಲೆಕ್ಕವಿಲ್ಲದ ಮೊತ್ತವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವು ಈ ಅಸಮಾನತೆಯನ್ನು ಒಪ್ಪಿಕೊಂಡು ಕ್ಷಮೆ ಕೇಳಿದ್ದು ೨೦೨೧ರಲ್ಲಿ. ಬೆಂಗಳೂರಿನ ಬ್ರಿಗೇಡ್ ರಸ್ತೆಯ ತುದಿಯಲ್ಲಿ ನಿಂತಿರುವ ಯುದ್ಧ ಸ್ಮಾರಕವನ್ನು ನಿಮ್ಮಲ್ಲಿ ಹಲವರು ಬಸ್ಸಿನ ಕಿಟಕಿಯಿಂದ ನೋಡಿರುತ್ತೀರಿ. ಅದು ಮದ್ರಾಸ್ ಪಯೋನಿಯರ್ ಪಡೆಯವರದು. ಬಸ್ರಾದ ಆ ಮೊತ್ತಕ್ಕೂ ಅದಕ್ಕೂ ನಂಟಿದೆ.

ದೂರವೇಕೆ, ನಮ್ಮ ಮುಂಬಯಿಯನ್ನೇ ನೋಡಿ. ಮಸ್ಜಿದ್ ಬಂದರಿನ ಬಳಿಯ ಇಂಡಿಯನ್ ಸೈಲರ್ಸ್ ಹೋಮ್‌ನಲ್ಲಿ ಮೊದಲ ಯುದ್ಧದ ನಾವಿಕರ ಸ್ಮಾರಕವಿದೆ. ಕಡಲಲ್ಲದೆ ಬೇರೆ ಗೋರಿಯಿಲ್ಲದ ಎರಡು ಸಾವಿರಕ್ಕೂ ಹೆಚ್ಚು ಮಂದಿಗಾಗಿ ಅದನ್ನು ನಿರ್ಮಿಸಲಾಯಿತು. ಅವರಲ್ಲಿ ಬಹುಮಂದಿ ಬಂದೂಕು ಹಿಡಿದವರಲ್ಲ. ಹಡಗಿನ ಒಲೆಗೆ ಕಲ್ಲಿದ್ದಲು ಸುರಿಯುತ್ತಿದ್ದ, ಹಗ್ಗ ಎಳೆಯುತ್ತಿದ್ದ, ಅಡುಗೆ ಬೇಯಿಸುತ್ತಿದ್ದ ಖಲಾಸಿಗಳು. ಎರಡನೆಯ ಮಹಾಯುದ್ಧದ ನಾವಿಕರಿಗೆ ಗೋಡೆಯೂ ದೊರೆಯಲಿಲ್ಲ. ಆರು ಸಾವಿರದಷ್ಟು ಹೆಸರುಗಳನ್ನು ಗ್ರಂಥರೂಪದಲ್ಲಿ ಬರೆಸಿ ಒಂದು ಪ್ರತಿಯನ್ನು ಮುಂಬಯಿಯಲ್ಲಿ, ಇನ್ನೊಂದನ್ನು ಚಿತ್ತಗಾಂಗಿನಲ್ಲಿ ಇಡಲಾಯಿತು. ನಮ್ಮ ಊರ ಕಡೆಯಿಂದ ಬಂದ ಅತಿಥಿಗಳಿಗೆ ಗೇಟ್‌ವೇ ತೋರಿಸುತ್ತೇವೆ, ಹ್ಯಾಂಗಿಂಗ್ ಗಾರ್ಡನ್ ತೋರಿಸುತ್ತೇವೆ. ಮಸ್ಜಿದ್ ಬಂದರಿಗೆ ಯಾರನ್ನೂ ಕರೆದೊಯ್ಯುವುದಿಲ್ಲ.

ಸ್ವಾತಂತ್ರ್ಯಾನಂತರದ ಮಾತಿಗೆ ಬರೋಣ. ೧೯೭೧ರ ಯುದ್ಧ ಮುಗಿದ ಬಳಿಕ, ೧೯೭೨ರ ಗಣರಾಜ್ಯೋತ್ಸವದ ದಿನ, ಇಂಡಿಯಾ ಗೇಟ್ ಕೆಳಗೆ ಅಮರ ಜವಾನ್ ಜ್ಯೋತಿಯನ್ನು ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ತಲೆಕೆಳಗಾಗಿ ನೆಟ್ಟ ಬಂದೂಕು, ಅದರ ಮೇಲೊಂದು ಶಿರಸ್ತ್ರಾಣ, ಪಕ್ಕದಲ್ಲಿ ಆರದ ಉರಿ. ಚಿತ್ರ ಮನೋಜ್ಞವಾಗಿಯೇ ಇತ್ತು. ಆದರೆ ಅಲ್ಲಿ ಒಂದು ಹೆಸರೂ ಇರಲಿಲ್ಲ. ೧೯೪೭-೪೮ರ ಕಾಶ್ಮೀರ, ೧೯೬೨, ೧೯೬೫, ೧೯೭೧, ಸಿಯಾಚಿನ್, ಕಾರ್ಗಿಲ್, ಇಷ್ಟೆಲ್ಲದರಲ್ಲಿ ಸತ್ತವರ ಹೆಸರುಗಳನ್ನು ಒಂದೆಡೆ ಬರೆದಿಡಲು ಗಣರಾಜ್ಯಕ್ಕೆ ೨೦೧೯ರ ಫೆಬ್ರವರಿ ೨೫ರವರೆಗೆ ಬೇಕಾಯಿತು. ಶ್ರೀಲಂಕೆಗೆ ಹೋದ ಶಾಂತಿಪಾಲನಾ ಪಡೆಯಲ್ಲಿ ೧೯೮೭ರಿಂದ ೧೯೯೦ರ ನಡುವೆ ಸುಮಾರು ೧,೨೦೦ ಮಂದಿ ಮಡಿದರು. ಅವರ ಹೆಸರುಗಳನ್ನು ಹೊತ್ತ ಸ್ಮಾರಕ ಕೊಲಂಬೊ ಬಳಿ ಎದ್ದದ್ದು ದಿಲ್ಲಿಯದಕ್ಕಿಂತ ಮೊದಲು. ಪರದೇಶದವರು ನಮ್ಮವರಿಗೆ ಕಲ್ಲು ನಿಲ್ಲಿಸಿದ ಮೇಲೆ ನಾವು ನಿಲ್ಲಿಸಿದೆವು.

ಈ ಹೊಸ ಸ್ಮಾರಕ ಸುಮಾರು ೪೦ ಎಕರೆ ಪ್ರದೇಶದಲ್ಲಿ ಹರಡಿದೆ. ಒಂದರೊಳಗೊಂದು ನಾಲ್ಕು ವರ್ತುಲಗಳು. ನಡುವೆ ಸ್ತಂಭ ಮತ್ತು ಜ್ಯೋತಿ. ತ್ಯಾಗ ಚಕ್ರವೆಂಬ ವರ್ತುಲದ ಗೋಡೆಗಳ ಗ್ರಾನೈಟ್ ಹಲಗೆಗಳಲ್ಲಿ ಉದ್ಘಾಟನೆಯ ಹೊತ್ತಿಗೆ ೨೫,೯೪೨ ಹೆಸರುಗಳಿದ್ದವು. ೨೦೨೨ರ ಜನವರಿ ೨೧ರಂದು ಇಂಡಿಯಾ ಗೇಟ್ ಜ್ಯೋತಿಯನ್ನು ಇಲ್ಲಿಯ ಜ್ಯೋತಿಯಲ್ಲಿ ವಿಲೀನಗೊಳಿಸಿದಾಗ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತು. ಜ್ಯೋತಿ ಎಲ್ಲಿ ಉರಿಯಬೇಕೆಂಬುದು ನನಗೆ ಅಷ್ಟು ಮುಖ್ಯವೆನಿಸಲಿಲ್ಲ. ಹೆಸರುಗಳಿರುವಲ್ಲಿ ದೀಪವಿರುವುದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಆ ಗದ್ದಲದ ನಡುವೆ, ಇಂಡಿಯಾ ಗೇಟ್ ಮೇಲಿನ ಹೆಸರುಗಳು ಸಾಮ್ರಾಜ್ಯದ ಕೂಲಿಗಳವು, ಅವುಗಳಿಗೇಕೆ ನಮ್ಮ ದೀಪ ಎಂಬ ಮಾತು ಕೇಳಿಬಂತಲ್ಲ, ಅದು ಒಪ್ಪತಕ್ಕದ್ದಲ್ಲ. ಮೈಸೂರಿನ ಲ್ಯಾನ್ಸರ್‌ಗಳು ೧೯೧೮ರ ಸೆಪ್ಟೆಂಬರ್ ೨೩ರಂದು ಜೋಧಪುರದವರೊಡನೆ ಹೈಫಾ ಪಟ್ಟಣವನ್ನು ಗೆದ್ದರು. ದಿಲ್ಲಿಯ ತೀನ್ ಮೂರ್ತಿಯ ಮೂವರು ಕಂಚಿನ ಯೋಧರು ಹೈದರಾಬಾದ್, ಮೈಸೂರು, ಜೋಧಪುರಗಳ ಸವಾರರ ಪ್ರತಿನಿಧಿಗಳು. ಅವರನ್ನು ಇಂದು ವೀರರೆಂದು ಕೊಂಡಾಡುವ ನಾವೇ ಅದೇ ಯುದ್ಧದಲ್ಲಿ, ಅದೇ ಸಂಬಳಕ್ಕೆ ಸತ್ತ ಇನ್ನೊಬ್ಬನನ್ನು ಕೂಲಿಯೆನ್ನುವುದು ಹೇಗೆ? ಬರಗಾಲದಲ್ಲಿ ಮನೆ ಬಿಟ್ಟ ಹುಡುಗನು ಯಾವ ಧ್ವಜದಡಿ ಸಂಬಳ ಪಡೆದನೆಂಬುದನ್ನು ಅವನ ತಾಯಿಯ ಎದುರು ನಿಂತು ವಿಚಾರಿಸಬೇಕು.

ಇಷ್ಟು ಪೀಠಿಕೆ. ಇನ್ನು ನನ್ನ ಮುಖ್ಯ ಮಾತು.

ಯುದ್ಧದಲ್ಲಿ ಸತ್ತವನಿಗೆ ಕಲ್ಲು ನಿಲ್ಲಿಸುವುದು ಕನ್ನಡಿಗರಿಗೆ ಯಾರೂ ಕಲಿಸಿಕೊಡಬೇಕಾದ ವಿದ್ಯೆಯಲ್ಲ. ನಮ್ಮ ನಾಡಿನಲ್ಲಿ ವೀರಗಲ್ಲು ಇಲ್ಲದ ಹಳೆಯ ಊರು ಅಪರೂಪ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ಕೈಲಾಸ. ಚಿತ್ರ ನಮಗೆಲ್ಲ ಪರಿಚಿತ. ನಾವು ಗಮನಿಸದೆ ಹೋಗುವುದು ಪಟ್ಟಿಕೆಗಳ ನಡುವಿನ ಬರೆಹವನ್ನು. ಬೆಂಗಳೂರಿನ ಬೇಗೂರಿನಲ್ಲಿ ದೊರೆತು ಈಗ ಅಲ್ಲಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಗಂಗರ ಕಾಲದ ಪ್ರಸಿದ್ಧ ವೀರಗಲ್ಲನ್ನು ತೆಗೆದುಕೊಳ್ಳಿ. ಎರೆಯಪ್ಪನ ಪರವಾಗಿ ನಾಗತ್ತರನು ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೈನ್ಯದೊಡನೆ ಹೋರಾಡಿ ಮಡಿದನೆಂದು ಅದು ಹೇಳುತ್ತದೆ. ಅಲ್ಲಿಗೇ ನಿಲ್ಲುವುದಿಲ್ಲ. ಆ ಸುದ್ದಿ ಕೇಳಿದ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದು ಹೇಳಿ, ಆ ಹಳ್ಳಿಗಳನ್ನು ಹೆಸರು ಹಿಡಿದು ಎಣಿಸುತ್ತದೆ. ತರಗತಿಯಲ್ಲಿ ಇದನ್ನು ಭಾಷೆಯ ಮಾದರಿಯೆಂದು ಓದಿದೆವು. ಇಂದು ಓದಿದರೆ ನನಗೆ ಅದು ಆದೇಶಪತ್ರದಂತೆ ಕಾಣುತ್ತದೆ: ಮೃತನ ಹೆಸರು, ಮರಣದ ಸ್ಥಳ, ಮರಣದ ಕಾರಣ, ಮಂಜೂರಾತಿ ನೀಡಿದ ಅಧಿಕಾರಿ, ಫಲಾನುಭವಿ, ಮಂಜೂರಾದ ಸ್ವತ್ತಿನ ವಿವರ. ಒಂದು ಕಲಮೂ ಖಾಲಿಯಿಲ್ಲ.

ಆತಕೂರಿನ ಶಾಸನ ಇನ್ನೂ ಸ್ವಾರಸ್ಯವಾದುದು. ಕ್ರಿ.ಶ. ೯೪೯-೫೦ರ ಕಲ್ಲು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲ. ಗಂಗ ಬೂತುಗನ ಸೇವಕ ಮಣಲೆರನು ಆ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಸೆಣಸಿ ಎರಡೂ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ಪಾಪವೆಂದೂ ಅದರಲ್ಲಿ ಬರೆದಿದೆ. ಎಂದರೆ ಸ್ಮಾರಕದ ನಿರ್ವಹಣೆ ಯಾರ ಹೊಣೆ, ಅದರ ವೆಚ್ಚ ಎಲ್ಲಿಂದ, ತಪ್ಪಿದರೆ ದಂಡವೇನು ಎಂಬುದೆಲ್ಲ ಕಲ್ಲಿನ ಮೇಲೆಯೇ ನಿರ್ಣಯವಾಗಿದೆ. ನಾಯಿಯೊಂದರ ಸ್ಮಾರಕಕ್ಕೆ ಸಾವಿರ ವರ್ಷಗಳ ಹಿಂದೆ ಮಾಡಿದ ಏರ್ಪಾಡಿದು.

ಈ ಕೊಡಗೆಗಳಿಗೆ ನಮ್ಮ ಭಾಷೆಯಲ್ಲಿ ಬೇರೆಬೇರೆ ಹೆಸರುಗಳೇ ಇದ್ದವು. ಗೆದ್ದು ಬಂದವನ ಕತ್ತಿ ತೊಳೆದು ಕೊಡುವುದು ಬಾಳ್ಗಳ್ಚು, ಕ್ರಿ.ಶ. ೪೫೦ರ ಸುಮಾರಿನ ಹಲ್ಮಿಡಿ ಶಾಸನದಲ್ಲಿಯೇ ವಿಜ ಅರಸನಿಗೆ ಕೊಟ್ಟ ಬಾಳ್ಗಳ್ಚಿನ ಪ್ರಸ್ತಾಪವಿದೆ. ಸತ್ತವನ ಮನೆಯವರಿಗೆ ಬಿಟ್ಟ ಭೂಮಿ ನೆತ್ತರುಗೊಡಗೆ. ಕಲ್ಲಿನೊಡನೆ ಬಂದದ್ದು ಕಲ್ನಾಡು. ಕನ್ನಡದ ಅತಿ ಹಳೆಯ ಬರೆಹಗಳಲ್ಲೊಂದು ಕಾವ್ಯವಲ್ಲ, ಪ್ರಾರ್ಥನೆಯಲ್ಲ, ಯೋಧನೊಬ್ಬನಿಗೆ ಕೊಟ್ಟ ಮಾನ್ಯದ ದಾಖಲೆ ಎಂಬುದನ್ನು ನಾವು ಹೆಮ್ಮೆಯಿಂದ ಹೇಳುವುದು ಕಡಮೆ.

ಎಲ್ಲ ವೀರಗಲ್ಲುಗಳಿಗೂ ಕೊಡಗೆಯಿತ್ತೆಂದು ನಾನು ಹೇಳುತ್ತಿಲ್ಲ. ಬರೆಹವೇ ಇಲ್ಲದ ಕಲ್ಲುಗಳು ಸಾವಿರಾರಿವೆ. ಅಂಥವು ನಮ್ಮ ಮುಂಬಯಿಯಲ್ಲಿಯೂ ಇವೆ. ಸಯನ್‌ನಿಂದ ದಾದರಿಗೆ ಹೋಗಿ, ಅಲ್ಲಿ ಪಶ್ಚಿಮ ರೈಲ್ವೆಗೆ ಬದಲಿಸಿ ಬೋರಿವಲಿಯಲ್ಲಿ ಇಳಿದರೆ, ಪಶ್ಚಿಮಕ್ಕೆ ಏಕಸರ್ ಎಂಬ ಹಳೆಯ ಗ್ರಾಮ. ಅಲ್ಲಿ ಆಳೆತ್ತರವನ್ನು ಮೀರಿದ ವೀರಗಲ್ಲುಗಳು ಸಾಲಾಗಿವೆ. ಅವುಗಳ ಮೇಲೆ ಹುಟ್ಟು ಹಾಕುತ್ತ ಸಾಗುವ ಯುದ್ಧನೌಕೆಗಳ ಸಾಲನ್ನು ಕೆತ್ತಿದ್ದಾರೆ. ನೌಕಾಯುದ್ಧದ ವೀರಗಲ್ಲು ಬಹು ಅಪರೂಪ. ೧೨೬೫ರ ಸುಮಾರಿಗೆ ದೇವಗಿರಿಯ ಯಾದವ ಮಹಾದೇವನಿಗೂ ಉತ್ತರ ಕೊಂಕಣದ ಶಿಲಾಹಾರ ಸೋಮೇಶ್ವರನಿಗೂ ನಡೆದ ಕಡಲ ಕಾಳಗದ ನೆನಪು ಇವೆಂದು ವಿದ್ವಾಂಸರಲ್ಲಿ ಹಲವರ ಅಭಿಪ್ರಾಯ. ಶಿಲಾಹಾರರು ಮೊದಲಿಗೆ ರಾಷ್ಟ್ರಕೂಟರ ಸಾಮಂತರು. ಅವರ ಬಿರುದುಗಳಲ್ಲಿ ಕನ್ನಡದ ಪದಗಳು ಇಣುಕುತ್ತವೆ. ಆದರೆ ಈ ಕಲ್ಲುಗಳಲ್ಲಿ ಸತ್ತವನ ಹೆಸರನ್ನು ಓದಲಾಗುವುದಿಲ್ಲ. ಶಿಲ್ಪಿಯ ಕೈಚಳಕವೆಲ್ಲ ಉಳಿದಿದೆ. ಯಾರಿಗಾಗಿ ಎಂಬುದು ಹೋಗಿದೆ.

ಈಗ ನಮ್ಮ ಕಾಲದ ಸ್ಥಿತಿ ನೋಡಿ. ಕಲ್ಲು ಒಂದು ಕಡೆ, ಕೊಡಗೆ ಇನ್ನೊಂದು ಕಡೆ. ದಿಲ್ಲಿಯ ಗೋಡೆಯ ಮೇಲೆ ಹೆಸರಿರುತ್ತದೆ. ಮನೆಯವರ ಪಾಲಿಗೆ ಕೊಡಗೆಯೆಂದರೆ ಕುಟುಂಬ ಪಿಂಚಣಿ, ಅದರ ಕಡತವೇ ಬೇರೆ. ಆ ಪಿಂಚಣಿಯಲ್ಲಿ ಮೂರು ದರ್ಜೆಗಳುಂಟು. ಸಾಮಾನ್ಯವಾದುದು ಕೊನೆಯ ವೇತನದ ನೂರಕ್ಕೆ ೩೦ರಷ್ಟು. ಮರಣವು ಸೇವೆಯ ಕಾರಣದಿಂದ ಆಯಿತೆಂದು ಒಪ್ಪಿದರೆ ೬೦. ಯುದ್ಧ ಅಥವಾ ಅದಕ್ಕೆ ಸಮಾನವಾದ ಕಾರ್ಯಾಚರಣೆಯಲ್ಲಿ ಆಯಿತೆಂದರೆ ೧೦೦. ಹಿಮದಲ್ಲಿ ಹೂತುಹೋದವನು, ಕಾವಲಿನಲ್ಲಿದ್ದಾಗಲೇ ಹೃದಯ ನಿಂತುಹೋದವನು, ಜೀಪು ಉರುಳಿ ಸತ್ತವನು, ಇವರ ಮರಣವನ್ನು ಯಾವ ಪದದಲ್ಲಿ ಬರೆಯುತ್ತಾರೆಂಬುದರ ಮೇಲೆ ಹಳ್ಳಿಯಲ್ಲಿರುವ ಹೆಂಗಸಿನ ಮುಂದಿನ ನಲವತ್ತು ವರ್ಷ ನಿಂತಿದೆ. ನಮ್ಮ ಭಾಷಣಗಳಲ್ಲಿ ಎಲ್ಲರೂ ಹುತಾತ್ಮರೇ. ಕಡತದಲ್ಲಿ ಆ ಪದವೇ ಇಲ್ಲ. ಸೇನೆಯ ಕಡತ ಬಲ್ಲದ್ದು ಯುದ್ಧಾಹತಿ ಎಂಬರ್ಥದ ಇಂಗ್ಲಿಷ್ ಪದವನ್ನು ಮಾತ್ರ. ಶವ ಊರಿಗೆ ಬಂದ ದಿನ ವೃತ್ತದಲ್ಲಿ ಕಟ್ಟುವ ಫ್ಲೆಕ್ಸ್‌ನಲ್ಲಿ ಸತ್ತವನ ಚಿತ್ರಕ್ಕಿಂತ ದೊಡ್ಡದಾಗಿ ಮುಖಂಡರ ಚಿತ್ರಗಳಿರುತ್ತವಲ್ಲ, ಅವರಲ್ಲಿ ಒಬ್ಬರಾದರೂ ಆ ಮರಣ ಯಾವ ದರ್ಜೆಯಲ್ಲಿ ದಾಖಲಾಯಿತೆಂದು ಮರುತಿಂಗಳು ವಿಚಾರಿಸಿದ್ದನ್ನು ನಾನು ಕಂಡಿಲ್ಲ.

ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ಹೆಸರು ಬೇಡ, ಕಚೇರಿಯ ಹೆಸರೂ ಬೇಡ. ಉತ್ತರ ಕರ್ನಾಟಕದ ಒಬ್ಬ ಅಜ್ಜಿ, ೧೯೭೧ರಲ್ಲಿ ಗಂಡನನ್ನು ಕಳೆದುಕೊಂಡವರು, ಮಗನ ಮನೆಯಲ್ಲಿರಲು ಮುಂಬಯಿಗೆ ಬಂದಿದ್ದರು. ಪಿಂಚಣಿಯನ್ನು ಇಲ್ಲಿಗೆ ವರ್ಗಾಯಿಸಬೇಕಿತ್ತು. ಸೇನೆಯ ಕಾಗದದಲ್ಲಿ ಗಂಡನ ಹೆಸರು ಒಂದು ರೀತಿ. ಪಡಿತರ ಚೀಟಿಯಲ್ಲಿ ಅಡ್ಡಹೆಸರು ಮುಂದೆ, ಅಪ್ಪನ ಹೆಸರು ಹಿಂದೆ. ಬ್ಯಾಂಕಿನಲ್ಲಿ ಮೂರನೆಯ ರೀತಿ. ಬಸಪ್ಪನನ್ನು ಭರ್ತಿಯ ದಿನ ಯಾವನೋ ಕಾರಕೂನನು ತನ್ನ ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದ. ಮೂರೂ ಒಬ್ಬನೇ ಎಂದು ಸಾಧಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಅಜ್ಜಿ ಒಮ್ಮೆ ನನ್ನನ್ನು ಕೇಳಿದರು: “ಅಲ್ರೀ ಸಾಹೇಬ್ರ, ಸತ್ತಾಗ ಗುರುತ ಹಿಡದ್ರು. ಈಗ್ಯಾಕ ಗುರುತ ಸಿಗವಲ್ದು?” ನನ್ನ ಬಳಿ ಉತ್ತರವಿರಲಿಲ್ಲ.

ಅಧಿಕಾರಿ ವರ್ಗದವರಿಗೂ ಈ ತೊಡಕು ತಪ್ಪಿದ್ದಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು ೧೯೬೫ರ ಸೆಪ್ಟೆಂಬರ್ ೭ರಂದು ಸರ್ಗೋಧಾ ದಾಳಿಗೆ ಹೋದವರು ಹಿಂತಿರುಗಲಿಲ್ಲ. ತಮ್ಮ ಹಳೆಯ ಮಿಸ್ಟೇರ್ ವಿಮಾನದಿಂದ ಶತ್ರುವಿನ ಸ್ಟಾರ್‌ಫೈಟರ್ ವಿಮಾನವನ್ನು ಉರುಳಿಸಿ ತಾವೂ ಮಡಿದರೆಂಬ ಸಂಗತಿ ಭಾರತದಲ್ಲಿ ತಿಳಿದದ್ದು ಬಹುಕಾಲದ ಮೇಲೆ, ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ೧೯೭೯ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ಅವರ ದಳದ ನಾಯಕರಾಗಿದ್ದ ತನೇಜಾ ಅವರು ಪಟ್ಟು ಹಿಡಿದು ಬರೆದದ್ದರಿಂದ ೧೯೮೮ರಲ್ಲಿ ಮಹಾವೀರ ಚಕ್ರ ಬಂತು. ೨೩ ವರ್ಷ. ಶೌರ್ಯಕ್ಕೆ ಕೊರತೆಯಿರಲಿಲ್ಲ, ಸಾಕ್ಷಿ ಶತ್ರುವಿನ ಊರಿನಲ್ಲಿತ್ತು, ಅದನ್ನು ಹುಡುಕಿ ತರುವ ಒಬ್ಬ ಹಟಮಾರಿ ಬೇಕಾಗಿದ್ದನು.

ನಿಯಮಗಳು ಬದಲಾಗುವುದಿಲ್ಲವೆಂದಲ್ಲ. ಶೌರ್ಯ ಪ್ರಶಸ್ತಿಯೊಡನೆ ಬರುವ ಭತ್ಯೆಯು ವಿಧವೆ ಮರುಮದುವೆಯಾದರೆ ನಿಲ್ಲುತ್ತಿತ್ತು. ಮೈದುನನನ್ನೋ ಭಾವನನ್ನೋ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ಈ ವಿಚಿತ್ರ ಷರತ್ತನ್ನು ೨೦೧೭ರ ನವೆಂಬರಿನಲ್ಲಿ ತೆಗೆದುಹಾಕಿದರು. ಇದು ಸ್ವಾಗತಾರ್ಹ. ಆದರೆ ೨೦೨೨ರಲ್ಲಿ ಅಗ್ನಿಪಥ ಯೋಜನೆ ಬಂದಾಗ, ನಾಲ್ಕು ವರ್ಷದ ಅವಧಿಗೆ ಸೇರುವ ಅಗ್ನಿವೀರರಿಗೆ ೪೮ ಲಕ್ಷ ರೂಪಾಯಿಗಳ ವಿಮೆಯನ್ನೂ, ಸೇವೆಯಿಂದಾದ ಮರಣಕ್ಕೆ ೪೪ ಲಕ್ಷದ ಪರಿಹಾರವನ್ನೂ ಗೊತ್ತುಪಡಿಸಿ, ಕುಟುಂಬ ಪಿಂಚಣಿಯನ್ನು ಹೊರಗಿಟ್ಟರು. ಗೋಡೆಯ ಮೇಲೆ ಅವನ ಹೆಸರು ಇತರರ ಪಕ್ಕದಲ್ಲಿಯೇ ಬರುತ್ತದೆ. ಒಂದೇ ಗುಂಡಿಗೆ, ಒಂದೇ ಹೊಂಡದಲ್ಲಿ ಸತ್ತ ಇಬ್ಬರ ಮನೆಗಳಿಗೆ ಎರಡು ಬಗೆಯ ಕೊಡಗೆ. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯು ೨೦೨೪ರಲ್ಲಿ ಈ ಭೇದ ಬೇಡವೆಂದು ಶಿಫಾರಸು ಮಾಡಿತು. ಇದರ ಮೇಲೆ ಹೆಚ್ಚು ಹೇಳಿದರೆ ನನ್ನ ಸೇವಾ ನಿಯಮಗಳು ನೆನಪಾಗುತ್ತವೆ. ನೀವು ಸರ್ಕಾರಿ ನೌಕರರಲ್ಲದವರು ಹೇಳಬಹುದು.

ಇಂದು ವಿಜಯ ದಿವಸವಾದುದರಿಂದ ಮುಂಬಯಿಯಲ್ಲಿ ನಿಂತು ಖುಕ್ರಿಯನ್ನು ನೆನೆಯದಿರಲಾಗದು. ೧೯೭೧ರ ಡಿಸೆಂಬರಿನಲ್ಲಿ ಇಲ್ಲಿಂದ ಹೊರಟ ಆ ಯುದ್ಧನೌಕೆಯನ್ನು ೯ನೆಯ ತಾರೀಕಿನ ರಾತ್ರಿ ದಿಯುವಿನ ಆಚೆ ಪಾಕಿಸ್ತಾನದ ಜಲಾಂತರ್ಗಾಮಿಯೊಂದು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸಹಿತ ೧೮ ಅಧಿಕಾರಿಗಳು, ೧೭೬ ನಾವಿಕರು. ಮುಲ್ಲಾ ಅವರ ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರಬೇಕಾದುದೇ. ೧೭೬ರಲ್ಲಿ ಒಂದು ಹೆಸರನ್ನು ಹೇಳಬಲ್ಲವರು ಈ ಸಭೆಯಲ್ಲಿ ಎಷ್ಟು ಮಂದಿ? ಏಕಸರಿನ ಕಲ್ಲಿನಂತೆ ಹಡಗು ನೆನಪಿದೆ, ಹುಟ್ಟು ಹಾಕಿದವನು ಮರೆತುಹೋಗಿದ್ದಾನೆ.

ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಏಕಶಿಲೆಯೊಂದನ್ನು ನಿಲ್ಲಿಸಿ ಅದಕ್ಕೆ ವೀರಗಲ್ಲು ಎಂದೇ ಹೆಸರಿಟ್ಟಿದ್ದಾರೆ. ಹೆಸರು ನಮ್ಮದಾದದ್ದು ಸಂತೋಷ. ವೀರಗಲ್ಲಿಗೆ ಎತ್ತರಕ್ಕಿಂತ ಬರೆಹ ಮುಖ್ಯವೆಂಬುದು ನನ್ನ ಹಳೆಯ ಅಭ್ಯಾಸದ ಮಾತು.

ಕೊನೆಗೊಂದು ವಿನಂತಿ. ಮುಂಬಯಿಯಲ್ಲಿ, ಠಾಣೆಯಲ್ಲಿ, ಡೊಂಬಿವಲಿಯಲ್ಲಿ ನೆಲೆಸಿರುವ ನಮ್ಮ ಕನ್ನಡ, ತುಳು, ಕೊಂಕಣಿ, ಕೊಡವ ಮನೆಗಳಲ್ಲಿ ಸೈನ್ಯಕ್ಕೆ, ನೌಕಾಪಡೆಗೆ, ವ್ಯಾಪಾರಿ ಹಡಗಿಗೆ ಹೋಗಿ ಹಿಂತಿರುಗದವರ ಕುಟುಂಬಗಳು ಇದ್ದೇ ಇರುತ್ತವೆ. ಕಾರ್ಯದರ್ಶಿಗಳೊಡನೆ ಮಾತನಾಡಿದ್ದೇನೆ, ಸಂಘದ ಕಚೇರಿಯಲ್ಲಿ ಬರುವ ತಿಂಗಳಿನಿಂದ ಒಂದು ವಹಿಯನ್ನು ತೆರೆಯುತ್ತಾರೆ. ಅದರಲ್ಲಿ ಏಳು ಕಲಮುಗಳು: ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಸೇನೆಯ ಕಾಗದದಲ್ಲಿರುವ ಹೆಸರು, ತಂದೆತಾಯಿಯರ ಹೆಸರು, ಹುಟ್ಟೂರು ಮತ್ತು ತಾಲ್ಲೂಕು, ಪಡೆ ಅಥವಾ ಹಡಗು, ಮರಣದ ತಾರೀಕು ಮತ್ತು ಸ್ಥಳ, ಪಿಂಚಣಿ ಈಗ ಯಾರಿಗೆ, ಎಷ್ಟನೆಯ ದರ್ಜೆಯಲ್ಲಿ ಸಲ್ಲುತ್ತಿದೆ. ಕೊನೆಯ ಕಲಮನ್ನು ತುಂಬಲು ಸಂಕೋಚಪಡಬೇಡಿ. ಕಾಗದಗಳಲ್ಲಿ ಹೆಸರು ಹೊಂದದಿದ್ದರೆ ಮೂಲ ಪ್ರತಿಗಳನ್ನು ತನ್ನಿ, ನಕಲು ಸಾಲದು. ಪ್ರತಿ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಸಂಜೆ ನಾಲ್ಕರಿಂದ ಏಳರವರೆಗೆ ನಾನು ಅಲ್ಲಿರುತ್ತೇನೆ.